ಇಂಜಿನ್ ಆಫ್ ಇದ್ದರೂ ಹಳೆಯ ಕಿಯಾ ಸೊರೆಂಟೊ ಕಾರಿಗೆ ಬೆಂಕಿ ಹತ್ತಬಹುದಂತೆ, ಅದು ಹೇಗೆ?

ಕೀ ತೆಗೆದ ಮೇಲೂ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಘಟಕಕ್ಕೆ ಬ್ಯಾಟರಿಯ ಕರೆಂಟ್ ಬರುತ್ತಲೇ ಇರುತ್ತದೆ, ಅದಕ್ಕೇ. ಘಟಕದ ಒಳಗೆ ಬ್ರೇಕ್ ಆಯಿಲ್ ಸೋರಿ ಸರ್ಕ್ಯೂಟ್ ಬೋರ್ಡಿಗೆ ತಗುಲಿದರೆ ಶಾರ್ಟ್ ಆಗಿ ಹೊತ್ತಿಕೊಳ್ಳಬಹುದು. ಇದೇ ಕಾರಣಕ್ಕೆ 2023ರ ಸೆಪ್ಟೆಂಬರಿನಲ್ಲಿ ಹ್ಯುಂಡೈ, ಕಿಯಾ ಸೇರಿ ಅಮೆರಿಕದಲ್ಲಿ ಸುಮಾರು 33.7 ಲಕ್ಷ ಗಾಡಿಗಳನ್ನು ರೀಕಾಲ್ ಮಾಡಿದವು, ಅಂದರೆ ದೋಷ ಸರಿಪಡಿಸಲು ವಾಪಸ್ ಕರೆದವು. ಸೊರೆಂಟೊ, ಸಾಂಟಾ ಫೆಯಂಥ ಫ್ಯಾಮಿಲಿ ಗಾಡಿಗಳೂ ಅದರಲ್ಲಿವೆ.

ರಿಪೇರಿ ಆಗುವವರೆಗೆ ಗಾಡಿಯನ್ನು ಗ್ಯಾರೇಜಿನಲ್ಲಿ ಇಡಲೇಬೇಡಿ. ಬಯಲಲ್ಲಿ, ಮನೆಯ ಗೋಡೆಯಿಂದ ದೂರ ನಿಲ್ಲಿಸಿ. ಎಬಿಎಸ್ ದೀಪ ಆರದೆ ಉರಿಯುತ್ತಿದ್ದರೆ, ಸುಟ್ಟ ವಾಸನೆ ಬಂದರೆ ಓಡಿಸದೆ ಡೀಲರಿಗೆ ಫೋನ್ ಮಾಡಿ.

ಸೆಕೆಂಡ್ ಹ್ಯಾಂಡ್ ಕೊಂಡವರು ರೀಕಾಲ್ ಪತ್ರಕ್ಕಾಗಿ ಕಾಯಬೇಡಿ, ಅದು ಹಳೆಯ ಮಾಲೀಕರ ವಿಳಾಸಕ್ಕೆ ಹೋಗಿರಬಹುದು. ಡ್ರೈವರ್ ಕಡೆ ಮುಂದಿನ ಗಾಜಿನ ಕೆಳಮೂಲೆಯಲ್ಲಿ ಕಾಣುವ 17 ಅಕ್ಷರ-ಅಂಕಿಗಳ ವಿನ್ ನಂಬರನ್ನು (ಗಾಡಿಯ ಗುರುತಿನ ಸಂಖ್ಯೆ) ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ರೀಕಾಲ್ ರಿಪೇರಿ ಬಾಕಿ ಇದ್ದರೆ ಡೀಲರು ದುಡ್ಡು ತೆಗೆದುಕೊಳ್ಳದೆ ಎಬಿಎಸ್ ಫ್ಯೂಸ್ ಬದಲಿಸಿಕೊಡುತ್ತಾರೆ.

ಆದರೆ ಫ್ಯೂಸ್ ತಡೆಯುವುದು ಮಿತಿಮೀರಿದ ಕರೆಂಟನ್ನು, ಸೋರಿಕೆಯನ್ನಲ್ಲ. ಹಾಗಾಗಿ ಆಮೇಲೂ ತಿಂಗಳಿಗೊಮ್ಮೆ ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಮಟ್ಟ ನೋಡಿ; ಕಡಿಮೆಯಾಗುತ್ತಿದ್ದರೆ ಬರೀ ತುಂಬಿಸಿ ಸುಮ್ಮನಾಗದೆ, ಎಲ್ಲಿ ಸೋರುತ್ತಿದೆ ಅಂತ ಹುಡುಕಿಸಿ.