ಅಮೆರಿಕದ ನಗರ ಸರ್ಕಾರಿ ಶಾಲೆಗಳ ಕೊರತೆ ಹಣದ್ದೋ, ಶಿಕ್ಷಕರ ಗುಣಮಟ್ಟದ್ದೋ?

ಇವೆರಡನ್ನು ಬೇರ್ಪಡಿಸಿ ವಾದಿಸುವುದು ಕಷ್ಟ. ಹಣ ಸುರಿದು ಪ್ರಯೋಜನವಿಲ್ಲ ಎನ್ನುವವರು ಮಿಸೌರಿಯ ಕಾನ್ಸಾಸ್ ಸಿಟಿಯನ್ನು ಉದಾಹರಿಸುತ್ತಾರೆ: 1980ರ ದಶಕದ ಮಧ್ಯದಿಂದ ನ್ಯಾಯಾಲಯದ ಆದೇಶದಂತೆ ಅಲ್ಲಿ ಸುಮಾರು 200 ಕೋಟಿ ಡಾಲರ್ ವೆಚ್ಚವಾಗಿ, ಒಲಿಂಪಿಕ್ ಅಳತೆಯ ಈಜುಕೊಳವೂ ನಿರ್ಮಾಣವಾಯಿತು, ಮಕ್ಕಳ ಅಂಕಗಳು ಮಾತ್ರ ಹೇಳಿಕೊಳ್ಳುವಷ್ಟು ಏರಲಿಲ್ಲ. ಈಜುಕೊಳ ಗಣಿತ ಕಲಿಸುವುದಿಲ್ಲವಷ್ಟೆ. ಆದರೆ ಸಂಶೋಧಕರಾದ ಜಾಕ್ಸನ್, ಜಾನ್ಸನ್ ಮತ್ತು ಪರ್ಸಿಕೊ ಅವರ 2016ರ ಅಧ್ಯಯನದ ಪ್ರಕಾರ, 12 ವರ್ಷಗಳ ಶಾಲಾ ಅವಧಿಯುದ್ದಕ್ಕೂ ಪ್ರತಿ ವಿದ್ಯಾರ್ಥಿಗೆ ಮಾಡುವ ವೆಚ್ಚವನ್ನು ಶೇ. 10ರಷ್ಟು ಹೆಚ್ಚಿಸಿದರೆ, ಅವರು ದೊಡ್ಡವರಾದಾಗ ಗಳಿಸುವ ವೇತನ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ. ಆದ್ದರಿಂದ ಹಣ ಎಲ್ಲಿ ವ್ಯಯವಾಗುತ್ತದೆ ಎಂಬುದು ಮುಖ್ಯ. ಅನುಭವಿ ಶಿಕ್ಷಕರು ಉತ್ತಮ ಸಂಬಳಕ್ಕಾಗಿ ಉಪನಗರಗಳ ಶಾಲೆಗಳಿಗೆ ಹೋಗದಂತೆ ಉಳಿಸಿಕೊಳ್ಳುವುದಕ್ಕೂ ಹಣವೇ ಬೇಕು.