ವಾಲಿದಂತೆ ಕಾಣುವ ಗೋಡೆಗಳ ಬಗ್ಗೆ

ಮಾನ್ಯರೇ, ಇಂಗ್ಲೆಂಡಿನ ಕೊವೆಂಟ್ರಿ ನಗರದ ಹಳೆಯ ಕೆಥೆಡ್ರಲ್‌ನ ನಿಮ್ಮ ಚಿತ್ರಗಳಲ್ಲಿ ಗೋಡೆಗಳು ಹಿಂದಕ್ಕೆ ವಾಲಿದಂತೆ ಕಾಣುವುದೇಕೆ ಎಂದು ಕೇಳಿದ್ದೀರಿ. ಗೋಪುರದ ತುದಿಯನ್ನು ಸೇರಿಸಲು ಕ್ಯಾಮೆರಾವನ್ನು ಮೇಲಕ್ಕೆತ್ತಿರುವುದೇ ಕಾರಣ. 1940ರ ನವೆಂಬರ್ 14ರ ರಾತ್ರಿಯ ಬಾಂಬ್ ದಾಳಿಯಲ್ಲಿ ಛಾವಣಿ ಸುಟ್ಟುಬಿದ್ದರೂ ಗೋಪುರವೂ ಹೊರಗೋಡೆಗಳೂ ನೆಟ್ಟಗೆ ಉಳಿದ ಕಟ್ಟಡವದು. ಚಿತ್ರದಲ್ಲಿ ಅವು ಓರೆಯಾದರೆ ನೋಡುವವರು ಅದನ್ನೂ ಬಾಂಬಿನ ಹಾನಿಯೆಂದೇ ತಿಳಿಯುತ್ತಾರೆ. ಆದ್ದರಿಂದ ಕ್ಯಾಮೆರಾವನ್ನು ಮಟ್ಟವಾಗಿಟ್ಟು, ಸಾಧ್ಯವಾದಷ್ಟು ಹಿಂದೆ ಸರಿದು, ಅಗಲವಾದ ನೋಟವನ್ನು ಹಿಡಿಯುವ ವೈಡ್ ಲೆನ್ಸಿನಲ್ಲಿ ತೆಗೆದು, ಕೆಳಗೆ ಹೆಚ್ಚಾಗಿ ಬಂದ ನೆಲವನ್ನು ಆಮೇಲೆ ಕತ್ತರಿಸಿ. ಕ್ಯಾಮೆರಾವನ್ನು ಓರೆಮಾಡದೆ ಲೆನ್ಸನ್ನಷ್ಟೇ ಮೇಲಕ್ಕೆ ಸರಿಸಬಹುದಾದ ಶಿಫ್ಟ್ ಲೆನ್ಸ್ ಬಾಡಿಗೆಗೆ ಸಿಕ್ಕರೆ ಇನ್ನೂ ಒಳ್ಳೆಯದು. ಚಿಕ್ಕಬಳ್ಳಾಪುರದವನಾದ ನಾನು ಇದನ್ನು ಕಲಿತದ್ದು ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯದ ಕಂಬಗಳ ಮುಂದೆ. ಮುಂದಿನ ಪ್ರವಾಸಕ್ಕೆ ಮೊದಲು ನೀವೂ ಅಲ್ಲಿ ಒಂದು ಬೆಳಿಗ್ಗೆ ಅಭ್ಯಾಸ ಮಾಡಬಹುದು, ಟ್ರೈಪಾಡ್‌ಗೆ ಮಾತ್ರ ಮೊದಲೇ ಅನುಮತಿ ಕೇಳಿ.