ಸಾಫ್ಟ್‌ಬಾಲ್ ಲೇಖನ ಕಳಿಸಿದ ಸಿರುಗುಪ್ಪದ ಬರಹಗಾರರಿಗೆ

ನಮಸ್ಕಾರ. ಪುರುಷರ ಫಾಸ್ಟ್‌ಪಿಚ್ ಸಾಫ್ಟ್‌ಬಾಲ್ (ಕೆಳಗಿನಿಂದ ತೋಳು ಬೀಸಿ ವೇಗವಾಗಿ ಎಸೆಯುವ, ಬೇಸ್‌ಬಾಲನ್ನು ಹೋಲುವ ಆಟ) ಕುರಿತ ನಿಮ್ಮ ಲೇಖನವನ್ನು ಬಳಗದವರೆಲ್ಲ ಓದಿದ್ದೇವೆ. ಈಗಿರುವ ರೂಪದಲ್ಲಿ ಅದನ್ನು ಅಚ್ಚು ಹಾಕಲು ಆಗುವುದಿಲ್ಲ. ಆದರೆ ವಿಷಯ ನಮಗೆ ಬೇಕು, ನೀವೇ ಬರೆಯಬೇಕು ಎಂಬ ಆಸೆಯೂ ಇದೆ. ಅದಕ್ಕೇ ಎರಡು ಸಾಲಿನಲ್ಲಿ ಮುಗಿಸದೆ ಇಷ್ಟುದ್ದ ಉತ್ತರ ಬರೆಯುತ್ತಿದ್ದೇವೆ.

ಲೇಖನದ ಮುಕ್ಕಾಲು ಪಾಲು ಯಾವ ವರ್ಷ ಯಾರು ಗೆದ್ದರು ಎಂಬ ಪಟ್ಟಿ. ಪಿಚಿಂಗ್‌ಗೆ, ಅಂದರೆ ಬ್ಯಾಟರ್ ಕಡೆ ಚೆಂಡು ಎಸೆಯುವ ಕೆಲಸಕ್ಕೆ, ಸಿಕ್ಕಿದ್ದು ಒಂದೇ ವಾಕ್ಯ: ‘ಪಿಚರ್ ಮಿಂಚಿನಂತೆ ತೋಳು ತಿರುಗಿಸಿ ಬಾಣದಂತೆ ಚೆಂಡು ಬಿಡುತ್ತಾನೆ, ತಪ್ಪಿದರೆ ಅಂಪೈರ್ ಶಿಕ್ಷಿಸುತ್ತಾನೆ.’ ಏನು ತಪ್ಪಿದರೆ? ಶಿಕ್ಷೆ ಏನು? ಈ ಆಟದ ಜೀವ ಇರುವುದೇ ಆ ಜಾಗದಲ್ಲಿ. ಅಲ್ಲಿ ನೀವು ಉಪಮೆ ಇಟ್ಟು ಮುಂದೆ ಹೋಗಿಬಿಟ್ಟಿದ್ದೀರಿ.

ಮೊದಲು ತಿದ್ದಬೇಕಾದ ಸಂಗತಿಗಳು. ಪಿಚಿಂಗ್ ದೂರ 43 ಅಡಿ ಎಂದಿದ್ದೀರಿ, ಅದು ಮಹಿಳೆಯರದು. ಪುರುಷರಿಗೆ 46 ಅಡಿ, ಅಂದರೆ 14.02 ಮೀಟರ್. ಬ್ಯಾಟರ್ ಪಕ್ಕದ ಹೋಮ್ ಪ್ಲೇಟಿನ ಹಿಂದಿನ ಮೊನೆಯಿಂದ, ಪಿಚರ್ ಕಾಲಿಟ್ಟು ಎಸೆಯುವ ಪಟ್ಟಿಯಾದ ಪಿಚರ್ಸ್ ಪ್ಲೇಟಿನ ಮುಂದಿನ ಅಂಚಿನವರೆಗೆ ಟೇಪು ಹಿಡಿಯಬೇಕು. ಹೋಮ್ ಪ್ಲೇಟಿನ ಮುಂದಿನ ಅಂಚಿನಿಂದ ಅಳೆದರೆ ಪಿಚರ್ ಒಂದಡಿಗೂ ಹೆಚ್ಚು ಹಿಂದಕ್ಕೆ ಹೋಗುತ್ತಾನೆ. ‘ದಿಬ್ಬದ ಮೇಲೆ ನಿಂತ ಪಿಚರ್’ ಎಂದು ಬರೆದಿದ್ದೀರಲ್ಲ, ದಿಬ್ಬ ಬೇಸ್‌ಬಾಲಿನದು. ಸಾಫ್ಟ್‌ಬಾಲಿನಲ್ಲಿ ನೆಲ ಸಮತಟ್ಟು, ಪಿಚರ್ಸ್ ಪ್ಲೇಟಿನ ಸುತ್ತ 8 ಅಡಿ ತ್ರಿಜ್ಯದ ವೃತ್ತ ಇರುತ್ತದೆ. ಪುರುಷರ ಸಾಫ್ಟ್‌ಬಾಲ್ ಒಲಿಂಪಿಕ್ಸ್‌ನಲ್ಲಿ ಎಂದೂ ಇರಲಿಲ್ಲ. 1996ರ ಅಟ್ಲಾಂಟಾದಲ್ಲಿ ಶುರುವಾದದ್ದು ಮಹಿಳೆಯರ ಸ್ಪರ್ಧೆ. ಇನ್ನು ನೀವು ಹೆಸರಿಸಿದ ಅಂತರರಾಷ್ಟ್ರೀಯ ಸಾಫ್ಟ್‌ಬಾಲ್ ಒಕ್ಕೂಟ 2013ರಲ್ಲಿ ಬೇಸ್‌ಬಾಲ್ ಒಕ್ಕೂಟದ ಜೊತೆ ಸೇರಿ ಡಬ್ಲ್ಯುಬಿಎಸ್‌ಸಿ (ವಿಶ್ವ ಬೇಸ್‌ಬಾಲ್ ಸಾಫ್ಟ್‌ಬಾಲ್ ಒಕ್ಕೂಟ) ಆಗಿದೆ. 2019ರ ಪಂದ್ಯಾವಳಿಗೆ ಹಳೆಯ ಹೆಸರು ಹಾಕುವಂತಿಲ್ಲ.

‘ಚೆಂಡು ದೊಡ್ಡದು, ಆದ್ದರಿಂದ ಬ್ಯಾಟರ್‌ಗೆ ಸುಲಭ’ ಎಂಬ ಮಾತನ್ನಂತೂ ಪೂರ್ತಿ ಹೊಡೆದುಹಾಕಿ. ಚೆಂಡಿನ ಸುತ್ತಳತೆ 12 ಅಂಗುಲ, ತೂಕ ಹೆಚ್ಚುಕಡಿಮೆ 180ರಿಂದ 200 ಗ್ರಾಂ, ನಿಜ. ಆದರೆ ಪಿಚರ್ ಮುಂದಕ್ಕೆ ಚಿಮ್ಮಿ ಚೆಂಡು ಬಿಡುವಾಗ ಬ್ಯಾಟರ್‌ಗೆ ಉಳಿಯುವುದು ಸುಮಾರು 12 ಮೀಟರ್. ಗಂಟೆಗೆ 120 ಕಿ.ಮೀ. ವೇಗದ ಎಸೆತ ಅಷ್ಟು ದೂರಕ್ಕೆ 0.36 ಸೆಕೆಂಡ್ ತೆಗೆದುಕೊಳ್ಳುತ್ತದೆ. ಕ್ರಿಕೆಟ್ಟಿನ 140 ಕಿ.ಮೀ. ಎಸೆತ ಒಂದು ಪಾಪಿಂಗ್ ಕ್ರೀಸಿನಿಂದ ಎದುರಿನ ಪಾಪಿಂಗ್ ಕ್ರೀಸಿಗೆ, 17.68 ಮೀಟರ್, ಬರಲು 0.45 ಸೆಕೆಂಡ್. ಎರಡರಲ್ಲೂ ಗಾಳಿಯ ತಡೆ ಬಿಟ್ಟು ಹಾಕಿದ ಲೆಕ್ಕ ಇದು. ಬಳ್ಳಾರಿಯ ಓದುಗನಿಗೆ ಕ್ರಿಕೆಟ್ ಗೊತ್ತು. ಈ ಎರಡು ಅಂಕಿ ಪಕ್ಕಪಕ್ಕ ಇಟ್ಟರೆ ನಿಮ್ಮ ಮಿಂಚು, ಬಾಣ ಎರಡೂ ಬೇಡವಾಗುತ್ತವೆ.

ಆಮೇಲೆ ಕೈಗೆ ಬನ್ನಿ. ಪಿಚರ್ ಎರಡೂ ಕೈಯಲ್ಲಿ ಚೆಂಡು ಹಿಡಿದು, ಪೂರ್ತಿ ನಿಶ್ಚಲನಾಗಿ ನಿಲ್ಲಬೇಕು. ಒಂದು ಕೈ ಚೆಂಡಿನಿಂದ ಬೇರೆಯಾದ ಕ್ಷಣ ಪಿಚ್ ಶುರು. ಆಮೇಲೆ ನಿಲ್ಲಿಸುವುದು, ತೋಳನ್ನು ಹಿಂದಕ್ಕೆ ತಿರುಗಿಸಿ ಮೋಸ ಮಾಡುವುದು ಇಲ್ಲ. ತೋಳನ್ನು ಗಾಳಿಯಂತ್ರದಂತೆ ಸುತ್ತಿಸುವ ವಿಂಡ್‌ಮಿಲ್ ಸುತ್ತು ಒಂದೂವರೆ ದಾಟುವಂತಿಲ್ಲ. ಚೆಂಡು ಬಿಡುವಾಗ ಕೈ ಸೊಂಟಕ್ಕಿಂತ ಕೆಳಗಿರಬೇಕು, ಮಣಿಕಟ್ಟು ಮೊಣಕೈಗಿಂತ ದೇಹದಿಂದ ದೂರ ಹೋಗಬಾರದು. ಈ ಕೊನೆಯ ಷರತ್ತಿನ ಕಾರಣವನ್ನೂ ಬರೆಯಿರಿ: ಮಣಿಕಟ್ಟು ಹೊರಗೆ ಹೋದರೆ ಎಸೆತ ಪಕ್ಕದಿಂದ ಬೀಸಿದ ಸೈಡ್‌ಆರ್ಮ್ ಆಗುತ್ತದೆ, ಅಂಡರ್‌ಹ್ಯಾಂಡ್ ಆಗಿ ಉಳಿಯುವುದಿಲ್ಲ. ಹೆಜ್ಜೆ ಮುಂದಿಡುವುದು ಕೂಡ ಪ್ಲೇಟಿನ 24 ಅಂಗುಲ ಅಗಲದ ಒಳಗೇ.

ನಿಮ್ಮ ಲೇಖನದಲ್ಲಿ ಲೀಪ್ ಮತ್ತು ಕ್ರೋ ಹಾಪ್ ಎರಡನ್ನೂ ‘ಜಿಗಿತ’ ಎಂದು ಒಂದೇ ಮಾಡಿದ್ದೀರಿ. ಹೊಸ ಲೇಖನದಲ್ಲಿ ಅತಿ ಹೆಚ್ಚು ಜಾಗ ಇದಕ್ಕೇ ಕೊಡಿ. ಲೀಪ್‌ನಲ್ಲಿ ಪಿಚರ್ ಪ್ಲೇಟನ್ನು ಒದ್ದು ಮೇಲೇಳುತ್ತಾನೆ, ಕ್ಷಣಹೊತ್ತು ಎರಡೂ ಕಾಲು ಗಾಳಿಯಲ್ಲಿರುತ್ತವೆ, ನೆಲಕ್ಕಿಳಿಯುತ್ತಲೇ ಚೆಂಡು ಬಿಡುತ್ತಾನೆ. ಅಂತರರಾಷ್ಟ್ರೀಯ ಪುರುಷರ ಆಟದಲ್ಲಿ ಇದಕ್ಕೆ ಅಡ್ಡಿಯಿಲ್ಲ. ಕ್ರೋ ಹಾಪ್‌ನಲ್ಲಿ ಪಿವಟ್ ಕಾಲು, ಅಂದರೆ ಪ್ಲೇಟಿನ ಮೇಲಿಟ್ಟು ಒದೆಯುವ ಕಾಲು, ಪ್ಲೇಟಿನ ಮುಂದೆ ಹೊಸ ಜಾಗದಲ್ಲಿ ಊರಿ, ಅಲ್ಲಿಂದ ಎರಡನೇ ಸಲ ನೆಲ ಒದೆಯುತ್ತದೆ. ಇದು ನಿಷಿದ್ಧ. ಯಾಕೆಂದರೆ ಪಿಚರ್ ಹೊಸ ಪ್ಲೇಟು ತಾನೇ ಮಾಡಿಕೊಂಡಂತೆ, 46 ಅಡಿ ಎಂಬ ಅಳತೆಗೆ ಅರ್ಥವೇ ಉಳಿಯದು. ನೋಡುವವನಿಗೆ ಗುರುತು ಕಾಲಲ್ಲಿದೆ: ಕಾಲು ಇಳಿದ ಮೇಲೆ ಎಳೆದುಕೊಂಡು ಬಂತೋ, ಇಲ್ಲಾ ಮಡಚಿ ಮತ್ತೆ ಒದೆಯಿತೋ? ತೋಳಿನ ಕಡೆ ನೋಡುತ್ತಾ ಕೂತರೆ ಇದು ಕಾಣುವುದಿಲ್ಲ.

ಶಿಕ್ಷೆಯನ್ನೂ ಬಿಡಿಸಿ ಹೇಳಿ. ಇಲ್ಲೀಗಲ್ ಪಿಚ್ (ನಿಯಮ ತಪ್ಪಿದ ಎಸೆತ) ಎಂದಾಗ ಅಂಪೈರ್ ಎಡಗೈ ಅಡ್ಡ ಚಾಚುತ್ತಾನೆ, ಆಟ ತಕ್ಷಣ ನಿಲ್ಲುವುದಿಲ್ಲ. ಬ್ಯಾಟರ್ ಹೊಡೆದು ಮೊದಲ ಬೇಸ್ ಮುಟ್ಟಿ, ಉಳಿದ ರನ್ನರ್‌ಗಳೂ ಕನಿಷ್ಠ ಒಂದೊಂದು ಬೇಸ್ ಮುಂದೆ ಹೋದರೆ ತಪ್ಪನ್ನು ಮರೆತು ಆಟ ಮುಂದುವರಿಯುತ್ತದೆ. ಇಲ್ಲವಾದರೆ ಬ್ಯಾಟರ್ ಲೆಕ್ಕಕ್ಕೆ ಒಂದು ‘ಬಾಲ್’, ಅಂದರೆ ಅವನ ಪರವಾಗಿ ಎಣಿಸುವ ಕೆಟ್ಟ ಎಸೆತ. ನಿಯಮ ಪುಸ್ತಕ ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತದೆ. ಆದ್ದರಿಂದ ಯಾವ ಆವೃತ್ತಿ ನೋಡಿ ಬರೆದಿರಿ ಎಂಬುದು ಲೇಖನದೊಳಗೇ ಇರಲಿ.

ರೈಸ್ ಬಾಲ್ ಎಂಬ ಎಸೆತದ ಕುರಿತು ‘ಗುರುತ್ವವನ್ನು ಮೀರಿ ಏರುತ್ತದೆ’ ಎಂದಿದ್ದೀರಿ. ಸೊಂಟದ ಕೆಳಗಿಂದ ಹೊರಟ ಚೆಂಡು ಮೇಲ್ಮುಖವಾಗೇ ಹೊರಡುತ್ತದೆ. ಹಿಮ್ಮುಖ ತಿರುಗುವಿಕೆಯಿಂದ ಗಾಳಿ ಅದನ್ನು ಸ್ವಲ್ಪ ಎತ್ತಿ ಹಿಡಿಯುವುದರಿಂದ ಬ್ಯಾಟರ್ ಎಣಿಸಿದ್ದಕ್ಕಿಂತ ಕಡಿಮೆ ಬೀಳುತ್ತದೆ. ಬ್ಯಾಟು ಕೆಳಗೆ ಹಾಯುತ್ತದೆ. ಡ್ರಾಪ್ ಎಂಬ ಎಸೆತ ಇದಕ್ಕೆ ತದ್ವಿರುದ್ಧ. ಇಷ್ಟು ಸಾಕು.

ಇತಿಹಾಸವನ್ನು ನಾಲ್ಕು ವಾಕ್ಯಕ್ಕೆ ಇಳಿಸಿ. 1966ರಲ್ಲಿ ಮೆಕ್ಸಿಕೊ ಸಿಟಿಯಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್. 1976ರಲ್ಲಿ ನ್ಯೂಜಿಲೆಂಡಿನಲ್ಲಿ ಮಳೆ ಸುರಿದು ಆತಿಥೇಯರು, ಕೆನಡಾ, ಅಮೆರಿಕ ಮೂವರೂ ಪ್ರಶಸ್ತಿ ಹಂಚಿಕೊಂಡದ್ದು. 2019ರಲ್ಲಿ ಪ್ರಾಗ್‌ನಲ್ಲಿ ಅರ್ಜೆಂಟೀನಾ ಜಪಾನನ್ನು 3-2ರಿಂದ ಸೋಲಿಸಿದ್ದು. 2022ರಲ್ಲಿ ಆಕ್ಲೆಂಡ್‌ನಲ್ಲಿ ಆಸ್ಟ್ರೇಲಿಯಾ ಗೆದ್ದದ್ದು. ನಿಮ್ಮ ಪಟ್ಟಿಯಲ್ಲಿ ಮಳೆಯ ಪ್ರಸಂಗವೇ ಬಿಟ್ಟುಹೋಗಿದೆ. ಓದುಗ ನೆನಪಿಟ್ಟುಕೊಳ್ಳುವುದು ಅದನ್ನೇ.

ನಮ್ಮ ನೆಲಕ್ಕೆ ಸೇರಿದ್ದು ಒಂದು ಪ್ಯಾರಾ ಬೇಕು. ಸಿರುಗುಪ್ಪ, ಸಿಂಧನೂರು ಕಡೆಯ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಪಿಚರ್ಸ್ ಪ್ಲೇಟು ಅಲುಗಾಡುತ್ತದೆ, ಮಳೆಗಾಲದಲ್ಲಿ ಬೂಟಿಗೆ ಹತ್ತುತ್ತದೆ. ಒದೆಯುವ ಕಾಲಿಗೆ ಹಿಡಿತ ಸಿಗದಿದ್ದರೆ ಹುಡುಗ ತನಗೆ ಗೊತ್ತಿಲ್ಲದೆಯೇ ಮುಂದೆ ಊರಿ ಒದೆಯಲು ಕಲಿಯುತ್ತಾನೆ. ಪ್ಲೇಟಿನ ಸುತ್ತ ಮಣ್ಣು ತೆಗೆದು ಮೊರಂ ತುಂಬಿ ದಮ್ಮಸು ಮಾಡಿಸಿದರೆ ಎಷ್ಟೋ ವಾಸಿ. ಎಸೆಯುವ ಕೈಯ ಮಣಿಕಟ್ಟಿನಲ್ಲಿ ಬಳೆ, ಬೆವರುಪಟ್ಟಿಯಂಥದ್ದು ಇರಬಾರದು ಎಂಬ ನಿಯಮವೂ ಇದೆ. ನಮ್ಮ ಹುಡುಗರು ಕಟ್ಟಿಕೊಳ್ಳುವ ದಾರ, ಕಡಗ ಆಟಕ್ಕೆ ಮುಂಚೆ ತೆಗೆದಿಡಬೇಕು ಎಂದು ಬರೆಯಿರಿ, ದೈಹಿಕ ಶಿಕ್ಷಕರಿಗೆ ಉಪಯೋಗಕ್ಕೆ ಬರುತ್ತದೆ.

ಭಾಷೆಯ ಬಗ್ಗೆ ಒಂದೇ ಮಾತು. ಪಿಚರ್‌ಗೆ ‘ಕ್ಷೇಪಕ’, ಕ್ಯಾಚರ್‌ಗೆ ‘ಗ್ರಾಹಕ’ ಬೇಡ. ಮೈದಾನದಲ್ಲಿ ಯಾರೂ ಹಾಗೆ ಕರೆಯುವುದಿಲ್ಲ.

ಹೊಸ ಪ್ರತಿ 900 ಪದ ಮೀರದಿರಲಿ. ಪ್ರಶಸ್ತಿ ಹಿಡಿದ ತಂಡಗಳ ಫೋಟೊ ಬೇಡ. ಪಿಚರ್ ಕಾಲು ಪ್ಲೇಟು ಬಿಟ್ಟ ಕ್ಷಣದ್ದೊಂದು, ಚೆಂಡು ಕೈ ಬಿಟ್ಟ ಕ್ಷಣದ್ದೊಂದು, ಪಕ್ಕದಿಂದ ತೆಗೆದ ಎರಡು ಚಿತ್ರ ಸಾಕು. ನಿಮ್ಮೂರ ಮೈದಾನದಲ್ಲೇ ತೆಗೆಸಿ ಕಳಿಸಿ.